ಬೋಲ್ಟು ಕೂಡಿದರೆ ಸಾಲದು

ಅಕ್ಕನ ಮನೆ ಅಂಗಳದಲ್ಲಿ, ಬಲೆ ಒಣಹಾಕುವ ಜಾಗದ ಪಕ್ಕ, ತುಂಡಾದ ಒಂದು ಕ್ರ್ಯಾಂಕ್ ಶಾಫ್ಟ್ ಬಿದ್ದಿದೆ. ಆರು ಸಿಲಿಂಡರ್ ಎಂಜಿನ್ನಿನದ್ದು. ಗುಜರಿಯವರಿಗೆ ಕೊಟ್ಟುಬಿಡಿ ಅಂತ ಅಕ್ಕ ಎಷ್ಟು ಸಲ ಹೇಳಿದರೂ ಭಾವ ಕೊಟ್ಟಿಲ್ಲ. ಮಳೆಗೆ ತುಕ್ಕು ಹಿಡಿದು ಕೆಂಪಾಗಿದೆ, ಮಕ್ಕಳು ಅದರ ಮೇಲೆ ಕುದುರೆ ಆಟ ಆಡ್ತಾರೆ. ಪ್ರತಿ ವರ್ಷ ಜೂನಿನಲ್ಲಿ ಊರಿಗೆ ಹೋದಾಗ ನಾನು ಅದರ ಮುಂದೆ ಒಂದು ನಿಮಿಷ ನಿಲ್ತೇನೆ. ಯಾಕಂದ್ರೆ ಅದು ತುಂಡಾಗಿದ್ದರಲ್ಲಿ ನನ್ನದೂ ಒಂದು ಪಾಲಿದೆ.

ನಮ್ಮೂರು ಕಾಸರಕೋಡ. ಕಾಸರಗೋಡು ಅಲ್ಲ ಮಾರಾಯ್ರೆ, ಕಾಸರಕೋಡ! ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಭಟ್ಕಳದ ಕಡೆ ಹೊರಟರೆ ಮೊದಲು ಸಿಗುವ ಊರು. 2020ರಲ್ಲಿ ನಮ್ಮ ಬೀಚಿಗೂ ಪಡುಬಿದ್ರಿಯ ಬೀಚಿಗೂ ಬ್ಲೂ ಫ್ಲ್ಯಾಗ್ ಸಿಕ್ಕಿದ ಮೇಲೆ ಈ ಗೊಂದಲ ಸ್ವಲ್ಪ ಕಡಿಮೆ ಆಗಿದೆ. ಬೀಚು ನೋಡಲಿಕ್ಕೆ ಬಂದವರು ಅಲ್ಲಿಂದಲೇ ವಾಪಸ್ ಹೋಗ್ತಾರೆ. ಟೊಂಕದ ಕಡೆ ಬಂದರೆ ಬೇರೆಯೇ ಲೋಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಬಂದ್ ಇರುತ್ತಲ್ಲ, ಆ ಎರಡು ತಿಂಗಳು ಬೋಟುಗಳೆಲ್ಲ ದಡ ಸೇರಿರುತ್ತವೆ. ಮೇಲೆ ತಾಡಪಾಲು, ಒಳಗೆ ಎಂಜಿನ್ ಬಿಚ್ಚಿದ ವಾಸನೆ. ಮರದ ಕೆಲಸ, ಬಣ್ಣ, ಬಲೆ ರಿಪೇರಿ, ಎಂಜಿನ್ ಕೆಲಸ ಎಲ್ಲವೂ ಇದೇ ಅರವತ್ತೊಂದು ದಿನದಲ್ಲಿ ಮುಗಿಯಬೇಕು. ಬೆಂಗಳೂರಿನಲ್ಲಿ ಕಾರಿನ ಎಂಜಿನ್ ಬಿಚ್ಚಿ ಹೆಚ್‌ಪಿ ಏರಿಸುವ ಹುಡುಗರನ್ನು ನೋಡಿದ್ದೇನೆ. ಅದನ್ನೇ 'ಪರ್ಫಾರ್ಮೆನ್ಸ್ ಬಿಲ್ಡ್' ಅಂತಾರೆ. ನನ್ನ ಪ್ರಕಾರ ನಿಜವಾದ ಪರ್ಫಾರ್ಮೆನ್ಸ್ ಬಿಲ್ಡ್ ನಡೆಯುವುದು ನಮ್ಮ ಕರಾವಳಿಯಲ್ಲಿ, ಸೋರುವ ತಾಡಪಾಲಿನ ಕೆಳಗೆ. ಪಂಪು ತಿರುಗಿಸ್ತಾರೆ, ಟರ್ಬೋ ಬದಲಿಸ್ತಾರೆ, ಹಳೆ ನೂರು ಹೆಚ್‌ಪಿ ಎಂಜಿನ್ ತೆಗೆದು ಅದರ ಎರಡು ಮೂರು ಪಟ್ಟಿನದ್ದನ್ನು ಕೂರಿಸ್ತಾರೆ. ಈಚಿನ ವರ್ಷಗಳಲ್ಲಿ ಚೀನಾ ಎಂಜಿನ್ನುಗಳೂ ಬಂದಿವೆ. ಮೀನು ದೂರ ಹೋಗಿದೆ, ಮೊದಲು ಹೋಗಿ ಮೊದಲು ಬಂದವನಿಗೆ ರೇಟು. ಹಾಗಾಗಿ ಈ ಹೆಚ್‌ಪಿ ಹುಚ್ಚನ್ನು ಬಯ್ಯಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಬೇರೆ ಒಂದು ಸಾಮಾನಿನ ಬಗ್ಗೆ.

ಅದು ಹಾರ್ಮೋನಿಕ್ ಬ್ಯಾಲೆನ್ಸರ್. ನಮ್ಮ ಮೆಕ್ಯಾನಿಕ್ಕುಗಳು ಡ್ಯಾಂಪರ್ ಪುಲ್ಲಿ ಅಂತಾರೆ, ಕೆಲವರು ಬರೀ 'ಮುಂದಿನ ಪುಲ್ಲಿ' ಅಂತಾರೆ. ಎಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕಿನ ಮೂತಿಗೆ ಬೋಲ್ಟು ಹಾಕಿ ಕೂರಿಸಿದ ದಪ್ಪ ಚಕ್ರ. ಎಂಜಿನ್ ಕೆಲಸದ ಪಟ್ಟಿ ಬರೆಯುವಾಗ ಕೊನೆಯಲ್ಲಿ ಬರುವುದು ಅದು, ದುಡ್ಡು ಕಡಿಮೆ ಬಿದ್ದಾಗ ಮೊದಲು ಹೊಡೆದು ಹಾಕುವುದೂ ಅದನ್ನೇ.

2022ರ ಜುಲೈಯಲ್ಲಿ ಭಾವ ಒಂದು ಸೆಕೆಂಡ್‌ಹ್ಯಾಂಡ್ ಟರ್ಬೋ ಎಂಜಿನ್ ತಂದರು. ಲಾರಿಯಿಂದ ಇಳಿಸುವಾಗ ಚೈನು ಜಾರಿ ಡ್ಯಾಂಪರಿನ ಮೇಲೆ ಏಟು ಬಿತ್ತು, ಒಂದು ಕಡೆ ತಗ್ಗಾಯಿತು. ಮೆಕ್ಯಾನಿಕ್ ಒಳ್ಳೆಯವ, ಬದಲಿಸಬೇಕು ಅಂದ. ಹೊಸದರ ರೇಟು ಕೇಳಿ ಭಾವನಿಗೆ ತಲೆ ತಿರುಗಿತು. ಒಂದು ಗುಜರಿ ಅಂಗಡಿಯಲ್ಲಿ ಅದರ ಐದನೇ ಒಂದು ಪಾಲಿಗೆ ಹಳೆಯದು ಸಿಕ್ಕಿತು. ಅದೇ ಕಂಪನಿಯ, ಅದೇ ಆರು ಸಿಲಿಂಡರ್ ಎಂಜಿನ್ನಿನದ್ದು, ಆದರೆ ಜನರೇಟರಿನಿಂದ ಬಿಚ್ಚಿದ್ದು. ಕೊಂಡುಕೊಳ್ಳುವ ಮೊದಲು ನನಗೆ ಫೋನ್ ಮಾಡಿದರು. ನಾನು ಡೀಸೆಲ್ ಎಂಜಿನ್ನುಗಳ ನಡುವೆಯೇ ಹೊಟ್ಟೆ ಹೊರೆಯುವವ. ಮನೆಯಲ್ಲಿ ಎಂಜಿನಿಯರ್ ಅಂದ್ರೆ ನಾನೊಬ್ಬನೇ.

"ತಮಾ, ಇದು ಹಾಕ್ಲಕ್ಕಾ?"

ನಾನು ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದೆ. "ಬೋಲ್ಟ್ ತೂತು ಕೂಡ್ತದಾ ಭಾವ?"

"ಕೂಡ್ತದೆ. ಬೆಲ್ಟಿನ ಲೈನೂ ಸರಿ ಇದೆ."

"ಹಾಗಾದ್ರೆ ನಡೀತದೆ."

ಅಷ್ಟೇ. ಅರ್ಧ ನಿಮಿಷದ ಮಾತು.

ನವೆಂಬರಿನಲ್ಲಿ ಒಂದು ಬೆಳಗಿನ ಜಾವ ಬೋಟು ತಿರುಗಿ ಬರುವಾಗ, ಅಳಿವೆ ಕಾಣುವಷ್ಟು ಹತ್ತಿರದಲ್ಲಿ, ಎಂಜಿನ್ನಿನ ಒಳಗೆ ಒಂದು ದೊಡ್ಡ ಶಬ್ದ ಆಗಿ ನಿಂತಿತು. ನಮ್ಮ ಅಳಿವೆ ಗೊತ್ತಿದ್ದವರಿಗೆ ಇದು ಎಂತ ಅಂತ ಹೇಳಬೇಕಾಗಿಲ್ಲ. ಶರಾವತಿ ಸಮುದ್ರ ಸೇರುವ ಬಾಯಿಯಲ್ಲಿ ಮರಳು ತುಂಬಿಕೊಳ್ಳುತ್ತದೆ, ಅಲೆ ಅಲ್ಲೇ ಮಗುಚುತ್ತದೆ. ಎಂಜಿನ್ ಇದ್ದಾಗಲೇ ತಾಂಡೇಲ ದೇವರನ್ನು ನೆನೆದು ದಾಟುವ ಜಾಗ. ಇನ್ನು ಹತ್ತು ನಿಮಿಷ ಕಳೆದು ನಿಂತಿದ್ದರೆ ಬೋಟು ಸರಿಯಾಗಿ ಅಳಿವೆಯ ಒಳಗೆ ಇರುತ್ತಿತ್ತು. ಏಳು ಜನ ಇದ್ದರು. ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಎಸೆದು ಎಳೆದುಕೊಂಡು ಬಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕ ಆವತ್ತು ಫೋನಿನಲ್ಲಿ ಏನೂ ಮಾತಾಡದೆ ಸುಮ್ಮನೆ ಹಿಡಿದುಕೊಂಡಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಎಂಜಿನ್ ಬಿಚ್ಚಿದಾಗ ಕ್ರ್ಯಾಂಕ್ ಎರಡು ತುಂಡು. ತುಂಡಾಗಿದ್ದು ಹಿಂದೆ, ಫ್ಲೈವೀಲಿನ ಹತ್ತಿರದ ಪಿನ್ನಿನಲ್ಲಿ. ಧಕ್ಕೆಯಲ್ಲಿ ತಲೆಗೊಂದು ಮಾತು. ಗೇರ್‌ಬಾಕ್ಸ್ ಲೈನ್ ತಪ್ಪಿತ್ತು ಅಂದರು, ಪಂಪು ಜಾಸ್ತಿ ತಿರುಗಿಸಿದ್ದು ಅಂದರು, ಬಲೆ ಪ್ರೊಪೆಲ್ಲರಿಗೆ ಸುತ್ತಿರಬೇಕು ಅಂದರು, ಕ್ರ್ಯಾಂಕೇ ಡೂಪ್ಲಿಕೇಟ್ ಅಂದರು. ಮುಂದಿನ ಪುಲ್ಲಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಮುರಿದದ್ದು ಹಿಂದೆ, ಡ್ಯಾಂಪರ್ ಇರುವುದು ಮುಂದೆ.

ಆ ವಾರಾಂತ್ಯ ಊರಿಗೆ ಹೋಗಿ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿರುಕು ನೇರವಾಗಿ ಅಡ್ಡ ಹೋಗಿರಲಿಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿಕೊಂಡು ಹೋಗಿತ್ತು. ಬಾಗಿ ಬಾಗಿ ಮುರಿದ ಶಾಫ್ಟ್ ಅಡ್ಡಕ್ಕೆ ಮುರಿಯುತ್ತದೆ, ತಿರುಚಿ ತಿರುಚಿ ಮುರಿದದ್ದು ಹೀಗೆ ಓರೆಗೆ. ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಹಾಗೇ ಮುರಿಯುತ್ತದೆ. ಮುರಿದ ಮುಖದ ಮೇಲೆ ಒಂದರ ಹಿಂದೆ ಒಂದು ಕಮಾನು ಕಮಾನಾದ ಗೆರೆಗಳು. ಇಳಿತದ ಹೊತ್ತಿಗೆ ನಮ್ಮ ಕಡಲತೀರದ ಮರಳಿನಲ್ಲಿ ಅಲೆ ಬಿಟ್ಟುಹೋಗುವ ಗೆರೆಗಳ ಹಾಗೆಯೇ. ಅದಕ್ಕೆ ಎಂಜಿನಿಯರಿಂಗಿನಲ್ಲಿ ಹೆಸರೂ 'ಬೀಚ್ ಮಾರ್ಕ್ಸ್' ಅಂತಲೇ. ಒಂದೇ ಏಟಿಗೆ ಮುರಿದರೆ ಇವು ಇರುವುದಿಲ್ಲ. ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿರುಕು ಬೆಳೆದಿದೆ ಅಂತ ಅರ್ಥ.

ಇಷ್ಟು ದಪ್ಪದ ಉಕ್ಕನ್ನು ತಿರುಚಿದ್ದು ಯಾರು? ಎಂಜಿನ್ನೇ. ಕ್ರ್ಯಾಂಕು ನೋಡಲಿಕ್ಕೆ ಕಬ್ಬಿಣದ ದಿಮ್ಮಿ, ಒಳಗೆ ಅದೊಂದು ಸ್ಪ್ರಿಂಗು. ಒಂದೊಂದು ಸಿಲಿಂಡರ್ ಉರಿದಾಗಲೂ ಒದ್ದೆ ಪಂಚೆ ಹಿಂಡುವ ಹಾಗೆ ಒಂಚೂರು ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತದೆ. ಪ್ರತಿ ಸ್ಪ್ರಿಂಗಿಗೂ ಅದರದ್ದೇ ಒಂದು ಲಯ ಇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳಲ್ಲಿ ತಳ್ಳಿದರೂ ಸಾಕಲ್ಲ, ಏರುತ್ತಾ ಹೋಗುತ್ತದೆ. ಇಲ್ಲೂ ಅದೇ ಕತೆ. ಕ್ರ್ಯಾಂಕಿನ ಲಯ ಸೆಕೆಂಡಿಗೆ 200 ಸಲ ಅಂತ ಇಟ್ಟುಕೊಳ್ಳಿ (ಇದು ಉದಾಹರಣೆಗೆ, ಭಾವನ ಎಂಜಿನ್ನಿನ ಲೆಕ್ಕ ಅಲ್ಲ). ಆರು ಸಿಲಿಂಡರ್ ಫೋರ್ ಸ್ಟ್ರೋಕಿನಲ್ಲಿ ಒಂದು ಸುತ್ತಿಗೆ ಮೂರು ಏಟು. ಅದು ಲಯಕ್ಕೆ ಕೂಡಬೇಕಾದರೆ 4000 ಆರ್‌ಪಿಎಂ ಬೇಕು, ನಮ್ಮ ಬೋಟಿನ ಡೀಸೆಲ್ ಅಲ್ಲಿಗೆ ಹೋಗುವುದೇ ಇಲ್ಲ. ಬಚಾವ್ ಅಂದುಕೊಳ್ಳಬೇಡಿ. ಆ ಏಟಿನೊಳಗೆ ಅದರ ಎರಡು ಪಟ್ಟು, ಮೂರು ಪಟ್ಟು ವೇಗದ ಸಣ್ಣ ಏಟುಗಳೂ ಅಡಗಿರುತ್ತವೆ. ಸುತ್ತಿಗೆ ಆರರ ಏಟು 2000 ಆರ್‌ಪಿಎಂನಲ್ಲಿ ಕೂಡುತ್ತದೆ, ಒಂಬತ್ತರದ್ದು 1333ರಲ್ಲಿ. ಅವೆರಡೂ ನಾವು ದಿನಾ ಓಡಿಸುವ ಜಾಗದಲ್ಲೇ ಇವೆ.

ಹೀಗೆ ನಡುಗುವಾಗ ಹೆಚ್ಚು ಆಡುವುದು ಕ್ರ್ಯಾಂಕಿನ ಮೂತಿ, ಅಂದರೆ ಮುಂಭಾಗ. ಆದರೆ ಹೆಚ್ಚು ನೋವು ತಿನ್ನುವುದು ಹಿಂಭಾಗ, ಯಾಕಂದ್ರೆ ಭಾರದ ಫ್ಲೈವೀಲು ಅಲ್ಲಿ ಅಲುಗಾಡದೆ ಹಿಡಿದುಕೊಂಡಿರುತ್ತದೆ. ಅದಕ್ಕೇ ಡ್ಯಾಂಪರನ್ನು ಮುಂದೆ ಕೂರಿಸುವುದು, ಅದಕ್ಕೇ ಡ್ಯಾಂಪರ್ ಸತ್ತರೆ ಹಿಂದೆ ಮುರಿಯುವುದು. ಇನ್ನೊಂದು ಮೋಸ ಅಂದ್ರೆ ಈ ನಡುಕ ಬೋಟಿನ ಮೈಗೆ ಗೊತ್ತೇ ಆಗುವುದಿಲ್ಲ. ಎಂಜಿನ್ ಅಲುಗುವುದಿಲ್ಲ, ಶಾಫ್ಟು ಮಾತ್ರ ತನ್ನೊಳಗೇ ತಿರುಚಿಕೊಳ್ಳುತ್ತಿರುತ್ತದೆ. ಮುಂದಿನ ಬೋಲ್ಟುಗಳು ಪದೇ ಪದೇ ಸಡಿಲ ಆಗುವುದು, ಬೆಲ್ಟು ಬೇಗ ಹರಿಯುವುದು, ಯಾವುದೋ ಒಂದು ಆರ್‌ಪಿಎಂನಲ್ಲಿ ಮಾತ್ರ ಗೇರುಗಳು ಕಟಕಟ ಅನ್ನುವುದು... ಇಷ್ಟೇ ಸೂಚನೆ. ಆ ಮೂರು ತಿಂಗಳಲ್ಲಿ ಎರಡು ಸಲ ಬೆಲ್ಟು ಬದಲಿಸಿದ್ದರು ಅಂತ ಆಮೇಲೆ ಗೊತ್ತಾಯಿತು.

ಗುಜರಿಯ ಡ್ಯಾಂಪರನ್ನು ಕತ್ತರಿಸಿ ನೋಡೋಣ ಅಂದೆ. ಅದು ವಿಸ್ಕಸ್ ಜಾತಿಯದ್ದು. ಹೊರಗೆ ಮುಚ್ಚಿದ ಡಬ್ಬಿ, ಒಳಗೆ ಯಾವುದಕ್ಕೂ ಅಂಟದ ಒಂದು ಭಾರದ ಬಳೆ, ಎರಡರ ನಡುವಿನ ಸಣ್ಣ ಸಂದಿಯಲ್ಲಿ ಸಿಲಿಕೋನ್ ಎಣ್ಣೆ. ಎಣ್ಣೆ ಅಂದರೆ ನೀರಿನ ಹಾಗಲ್ಲ, ನಮ್ಮ ಜೋನಿಬೆಲ್ಲದ ಹಾಗೆ ಮಂದ. ಡಬ್ಬಿ ಕ್ರ್ಯಾಂಕಿನ ಜೊತೆ ನಡುಗುತ್ತದೆ, ಬಳೆ ತನ್ನ ಭಾರಕ್ಕೆ ಒಂದೇ ಸಮ ತಿರುಗುತ್ತಿರುತ್ತದೆ, ನಡುವಿನ ಬೆಲ್ಲ ಎರಡೂ ಕಡೆ ಎಳೆಯಲ್ಪಟ್ಟು ಆ ನಡುಕವನ್ನು ಶಾಖ ಮಾಡಿ ತಿಂದುಹಾಕುತ್ತದೆ. ಅದರ ಕೆಲಸ ಅಷ್ಟೇ. ಕತ್ತರಿಸಿದಾಗ ಕಂಡಿದ್ದು ಅಚ್ಚು ಬೆಲ್ಲ! ಸಿಲಿಕೋನ್ ಗಟ್ಟಿಯಾಗಿ ರಬ್ಬರಿನಂತಾಗಿ ಬಳೆಯನ್ನು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಹೊಡೆದರೂ ಬಳೆ ಜಗ್ಗಲಿಲ್ಲ. ಅಂದರೆ ಡ್ಯಾಂಪರ್ ಅಂತ ನಾವು ಹಾಕಿದ್ದು ಬರೀ ಕಬ್ಬಿಣದ ಭಾರ. ನಡುಕ ತಿನ್ನುವುದು ಬಿಡಿ, ಆ ಭಾರ ಕ್ರ್ಯಾಂಕಿನ ಲಯವನ್ನು ಇನ್ನೂ ಕೆಳಗೆ ಎಳೆದಿರುತ್ತದೆ. ಪಂಪು ತಿರುಗಿಸಿದ್ದಕ್ಕೆ ಏಟುಗಳೂ ಜೋರಾಗಿದ್ದವು. ಕೋರ್ಟಿನಲ್ಲಿ ಸಾಬೀತು ಮಾಡು ಅಂದರೆ ನನ್ನ ಕೈಲಿ ಆಗಲಿಕ್ಕಿಲ್ಲ, ಆದರೆ ನನ್ನ ಮನಸ್ಸಿಗೆ ಅಷ್ಟು ಸಾಕಾಯಿತು.

ಇದೇನೂ ಹೊಸ ರೋಗ ಅಲ್ಲ. 1900ರ ದಶಕದಲ್ಲಿ ಮೊದಮೊದಲ ಆರು ಸಿಲಿಂಡರ್ ಕಾರುಗಳು ಬಂದಾಗ ಉದ್ದ ಕ್ರ್ಯಾಂಕುಗಳು ತುಂಡಾಗುವುದೇ ದೊಡ್ಡ ತಲೆನೋವಾಗಿತ್ತು. ರೋಲ್ಸ್ ರಾಯ್ಸಿನ ಹೆನ್ರಿ ರಾಯ್ಸ್, ಆಮೇಲೆ ಫ್ರೆಡೆರಿಕ್ ಲ್ಯಾಂಚೆಸ್ಟರ್ ಇವರೆಲ್ಲ ತಲೆಕೆಡಿಸಿಕೊಂಡು ಹುಟ್ಟಿಸಿದ್ದು ಈ ಡ್ಯಾಂಪರನ್ನು. ನೂರು ವರ್ಷ ದಾಟಿದ ಪಾಠವನ್ನು ನಾನು ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಮರೆತಿದ್ದೆ.

ಈಗ ನನ್ನ ವಾದ ಕೇಳಿ. ಡ್ಯಾಂಪರ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದೆಲ್ಲ ರೇಸಿನವರ ಮಾತು. ಅಲ್ಲಿ ಎಸ್‌ಎಫ್‌ಐ 18.1 ಅಂತ ಒಂದು ಸರ್ಟಿಫಿಕೇಟ್ ಕೇಳುತ್ತಾರೆ, ಅಷ್ಟು ವೇಗದಲ್ಲಿ ಡ್ಯಾಂಪರ್ ಒಡೆದು ಹಾರಬಾರದು ಅಂತ. ಸರಿಯೇ. ಆದರೆ ಅದನ್ನೆಲ್ಲ ಓದಿ ನಮ್ಮ ಹುಡುಗರು ತಲೆಗೆ ತುಂಬಿಕೊಳ್ಳುವುದು ಮಾತ್ರ ಬೇರೆ: ಡ್ಯಾಂಪರ್ ತೆಗೆದು ಹಗುರದ ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಎಂಜಿನ್ 'ಫ್ರೀ' ಆಗ್ತದೆ ಅಂತ. ನಾಲ್ಕು ಸಿಲಿಂಡರಿನ ಗಿಡ್ಡ ಕ್ರ್ಯಾಂಕಿನ ಕೆಲವು ಕಾರುಗಳಲ್ಲಿ ಅದು ದಕ್ಕಿದರೂ ದಕ್ಕೀತು. ಆರು ಸಿಲಿಂಡರಿನ ಉದ್ದ ಕ್ರ್ಯಾಂಕಿಗೆ ಮಾಡಿದರೆ ನಾನು ಆ ಬೋಟು ಹತ್ತುವುದಿಲ್ಲ. ಲೆಕ್ಕ ಹಾಕಿ ನೋಡಿ. ಡ್ರ್ಯಾಗ್ ರೇಸಿನ ಕಾರು 402 ಮೀಟರ್ ಓಡಲಿಕ್ಕೆ ಹನ್ನೆರಡು ಸೆಕೆಂಡ್ ತೆಗೆದುಕೊಂಡಿತು ಅಂತಾದರೆ, ಆಗಲೇ ಹೇಳಿದ 200ರ ಲಯದಲ್ಲಿ ಕ್ರ್ಯಾಂಕು ತಿರುಚುವುದು ಎಲ್ಲ ಸೇರಿ 2400 ಸಲ. ಅದೂ ಕೆಟ್ಟ ಆರ್‌ಪಿಎಂ ಅನ್ನು ದಾಟಿಕೊಂಡು ಮೇಲೆ ಹೋಗಿಬಿಡುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಟ್ರಾಲ್ ಬೋಟಿನಲ್ಲಿ ತಾಂಡೇಲರು ಒಂದು ಆರ್‌ಪಿಎಂ ಹಿಡಿದು ಬಲೆ ಎಳೆಯಲಿಕ್ಕೆ ಶುರು ಮಾಡಿದರೆ ಗಂಟೆಗಟ್ಟಲೆ ಅದೇ. ಗಂಟೆಗೆ 7 ಲಕ್ಷ 20 ಸಾವಿರ ಸಲ, ಹತ್ತು ಗಂಟೆಗೆ 72 ಲಕ್ಷ ಸಲ. ಉಕ್ಕಿನ ದಣಿವಿನ ಪರೀಕ್ಷೆಯನ್ನು ಲ್ಯಾಬಿನಲ್ಲಿ ಸಾಮಾನ್ಯವಾಗಿ ಒಂದು ಕೋಟಿ ಸಲಕ್ಕೆ ನಿಲ್ಲಿಸುತ್ತಾರೆ. ನಾವು ಅದನ್ನು ಒಂದೂವರೆ ರಾತ್ರಿಯಲ್ಲಿ ದಾಟುತ್ತೇವೆ. ರೇಸಿನವನಿಗಿಂತ ಒಳ್ಳೆಯ ಡ್ಯಾಂಪರ್ ಬೇಕಾದ್ದು ನಮಗೆ.

ಹಾಗಾದರೆ ಯಾವುದು? ರಬ್ಬರಿನದ್ದು ಸೋವಿ, ಒಳಗಿನ ಹಬ್ಬಿಗೂ ಹೊರಗಿನ ಬಳೆಗೂ ನಡುವೆ ರಬ್ಬರ್ ಪಟ್ಟಿ. ಅದನ್ನು ಆ ಎಂಜಿನ್ನಿನ ಲಯಕ್ಕೆ ಶ್ರುತಿ ಮಾಡಿರುತ್ತಾರೆ. ಎಂಜಿನ್ ಕಂಪನಿ ಬಿಟ್ಟ ಹಾಗೇ ಇದ್ದರೆ ಅದಕ್ಕೇನೂ ಕೊರತೆ ಇಲ್ಲ. ಫ್ಲೈವೀಲ್, ಪಿಸ್ಟನ್, ರಾಡ್ ಬದಲಿಸಿದಿರೋ, ಶ್ರುತಿ ತಪ್ಪಿತು. ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟರೂ ಅಷ್ಟೇ. ಹಬ್ಬು, ಬಳೆ ಎರಡರ ಮೇಲೂ ಒಂದು ಗೆರೆ ಇರುತ್ತದೆ, ಒಂದಕ್ಕೊಂದು ಸರಿಯಾಗಿ ಕೂಡಿರಬೇಕು. ಕಮ್ಮಿನ್ಸಿನವರು ಹದಿನಾರನೇ ಒಂದು ಇಂಚಿಗಿಂತ ಹೆಚ್ಚು ಸರಿದಿದ್ದರೆ ಬದಲಿಸಿ ಅಂತಾರೆ. ಗೆರೆ ಇಲ್ಲದಿದ್ದರೆ ಹೊಸದು ಹಾಕುವಾಗ ನೀವೇ ಉಳಿಯಲ್ಲಿ ಒಂದು ಗೀರು ಎಳೆದಿಡಿ, ಖರ್ಚಿಲ್ಲದ ಕೆಲಸ.

ಹೆಚ್‌ಪಿ ಏರಿಸಿದ ಎಂಜಿನ್ನಿಗೆ ನನ್ನ ಓಟು ವಿಸ್ಕಸ್ಸಿಗೆ. ಅದು ಒಂದೇ ಲಯಕ್ಕೆ ಕಟ್ಟುಬಿದ್ದಿಲ್ಲ, ಅಗಲವಾದ ಆರ್‌ಪಿಎಂ ಹರವಿನಲ್ಲಿ ನಡುಕ ತಿನ್ನುತ್ತದೆ. ಆದರೆ ಅದಕ್ಕೂ ಅಳತೆ ಇದೆ. ಒಳಗಿನ ಬಳೆ ಕ್ರ್ಯಾಂಕಿಗೆ ತಕ್ಕಷ್ಟು ಭಾರ ಇರಬೇಕು, ಸಣ್ಣ ಎಂಜಿನ್ನಿನದ್ದು ತಂದು ದೊಡ್ಡದಕ್ಕೆ ಹಾಕಿದರೆ ಆಗುವುದಿಲ್ಲ. ಅಲ್ಲದೆ ಅದು ಹೊಸದೇ ಆಗಿರಬೇಕು. ಇದರಲ್ಲಿ ನಾನು ಹಟಮಾರಿ. ಗುಜರಿಯಿಂದ ಬ್ಲಾಕ್ ತನ್ನಿ, ಹೆಡ್ ತನ್ನಿ, ನನ್ನದೇನೂ ಅಭ್ಯಂತರ ಇಲ್ಲ, ಅವನ್ನು ಅಳೆದು ನೋಡಬಹುದು. ಮುಚ್ಚಿದ ಡಬ್ಬಿಯೊಳಗೆ ಇರುವುದು ಜೋನಿಯೋ ಅಚ್ಚೋ ಅಂತ ಕೈಯಲ್ಲಿ ಹಿಡಿದು ಯಾರಿಗೂ ಹೇಳಲಿಕ್ಕಾಗದು. ಮೇಲೆ ತಗ್ಗು ಬಿದ್ದದ್ದಂತೂ ಬೇಡವೇ ಬೇಡ, ಸಂದಿ ಅಷ್ಟು ಸಣ್ಣದು, ಒಂದು ಏಟಿಗೆ ಬಳೆ ಸಿಕ್ಕಿಬೀಳುತ್ತದೆ. ಸೋರಿದ್ದನ್ನು ವೆಲ್ಡಿಂಗ್ ಮಾಡಿ ಬಣ್ಣ ಹೊಡೆದು ಮಾರುವವರೂ ಇದ್ದಾರೆ. ಹಾಕುವಾಗ ಸುತ್ತಿಗೆ, ಪಾರೆ ಎರಡನ್ನೂ ದೂರ ಇಡಿ.

ಮತ್ತೆ ಆ ಬೋಲ್ಟಿನ ವಿಷಯ. ಒಂದೇ ಎಂಜಿನ್ನು ಲಾರಿಗೂ ಹೋಗುತ್ತದೆ, ಜನರೇಟರಿಗೂ ಹೋಗುತ್ತದೆ, ಬೋಟಿಗೂ ಹೋಗುತ್ತದೆ. ನಮ್ಮ ದೇಶದಲ್ಲಿ ಜನರೇಟರಿನ ಎಂಜಿನ್ ಸಾಮಾನ್ಯವಾಗಿ ಓಡುವುದು 1500 ಆರ್‌ಪಿಎಂ ಒಂದರಲ್ಲೇ. ಅದಕ್ಕೆ ಕೊಟ್ಟ ಡ್ಯಾಂಪರನ್ನು ಬೇರೆ ಬೇರೆ ಆರ್‌ಪಿಎಂನಲ್ಲಿ ಓಡುವ ಬೋಟಿಗೆ ಹಾಕಿದರೆ ತೂತು ಕೂಡುತ್ತದೆ, ಬೆಲ್ಟು ಕೂಡುತ್ತದೆ, ಲೆಕ್ಕ ಕೂಡದೆ ಹೋಗಬಹುದು. ಪಾರ್ಟ್ ನಂಬರ್ ನೋಡಬೇಕು. ನಾನು ಭಾವನಿಗೆ ಕೇಳಬೇಕಾಗಿದ್ದ ಪ್ರಶ್ನೆ ಅದು.

ನಮ್ಮ ಬೋಟುಗಳಲ್ಲಿ ಇನ್ನೊಂದು ಕಷ್ಟ ಇದೆ. ಬಲೆ ಎಳೆಯುವ ವಿಂಚಿಗೆ, ನೀರು ಎತ್ತುವ ಪಂಪಿಗೆ ಶಕ್ತಿ ತೆಗೆಯುವುದು ಎಷ್ಟೋ ಬೋಟುಗಳಲ್ಲಿ ಎಂಜಿನ್ನಿನ ಇದೇ ಮೂತಿಯಿಂದ. ಡ್ಯಾಂಪರಿನ ಮೇಲೆ ಇನ್ನೊಂದು ಎರಕದ ಪುಲ್ಲಿ, ಅದರ ಮೇಲೆ ಮತ್ತೊಂದು. ನೇತುಹಾಕಿದ ಪ್ರತಿ ಕಿಲೋಗೂ ಲಯ ಬದಲಾಗುತ್ತದೆ. ಹಾಕಲೇಬೇಕಾದರೆ ಹಗುರದ್ದು ಹಾಕಿ, ಇಲ್ಲವೇ ವಿಂಚನ್ನು ಗೇರ್‌ಬಾಕ್ಸಿನ ಕಡೆಯಿಂದ ಓಡಿಸುವ ದಾರಿ ಇದೆಯಾ ನೋಡಿ.

"ಹಿಂದೆಲ್ಲ ಇದು ಎಲ್ಲಿತ್ತು?" ಅಂತ ಟೊಂಕದಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 1963ರಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕಾರವಾರಕ್ಕೆ ಬಂದ ಕಾಲದ ಬೋಟುಗಳಿಗೆ ಇದ್ದದ್ದು ಸಣ್ಣ ಎಂಜಿನ್ನು. ಒಂದೆರಡು ಸಿಲಿಂಡರಿನ ಗಿಡ್ಡ, ದಪ್ಪ ಕ್ರ್ಯಾಂಕು ನಿಧಾನವಾಗಿ ತಿರುಗುವಾಗ ಅದರ ಲಯವನ್ನು ಮುಟ್ಟುವ ಏಟೇ ಇರುವುದಿಲ್ಲ, ಡ್ಯಾಂಪರಿನ ಗೊಡವೆ ಇಲ್ಲ. ಉದ್ದ ಮಾಡಿದ್ದು ನಾವು, ಜೋರು ಮಾಡಿದ್ದು ನಾವು. ದೊಡ್ಡ ಹಡಗು ಕಟ್ಟುವಾಗ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗಿನಂಥ ಸಂಸ್ಥೆಗಳು ಕ್ರ್ಯಾಂಕಿನಿಂದ ಪ್ರೊಪೆಲ್ಲರಿನವರೆಗೆ ಈ ತಿರುಚುವ ನಡುಕದ ಲೆಕ್ಕವನ್ನು ಕಾಗದದ ಮೇಲೆ ಕೇಳುತ್ತವೆ, ಯಾವ ಆರ್‌ಪಿಎಂನಲ್ಲಿ ನಿಲ್ಲಬಾರದು ಅಂತಲೂ ಬರೆಸುತ್ತವೆ. ನಮ್ಮ ಟ್ರಾಲ್ ಬೋಟಿಗೆ ಎಂಜಿನ್ ಬದಲಿಸುವಾಗ ಆ ಲೆಕ್ಕ ಮಾಡಿದವರನ್ನು ನಾನು ನೋಡಿಲ್ಲ. ಎಂಜಿನ್ ಮಾರುವವರು ಹೆಚ್‌ಪಿ ಹೇಳುತ್ತಾರೆ, ಡೀಸೆಲ್ ಎಷ್ಟು ಕುಡಿಯುತ್ತದೆ ಅಂತ ಸುಳ್ಳು ಹೇಳುತ್ತಾರೆ :-) ಇದನ್ನು ಹೇಳುವುದಿಲ್ಲ. ಹೊಸ ಎಂಜಿನ್ ಮಾರುವಾಗ ಯಾವ ಆರ್‌ಪಿಎಂ ತಪ್ಪಿಸಬೇಕು ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕೊಟ್ಟರೂ ಸಾಕು, ತಾಂಡೇಲರು ಅಷ್ಟನ್ನು ಪಾಲಿಸುತ್ತಾರೆ.

ದುಡ್ಡಿನ ಮಾತು ತೆಗೆದರೆ ಮಾತ್ರ ನಾನು ಸೋಲುತ್ತೇನೆ. ಬ್ಯಾಂಕಿನ ಕಂತು, ಡೀಸೆಲ್ ಸಾಲ, ಕಲಾಸಿಗಳಿಗೆ ಕೊಟ್ಟ ಮುಂಗಡ, ಎಲ್ಲದರ ಕೊನೆಗೆ ಬರುವ ಡ್ಯಾಂಪರಿಗೆ ಹೊಸದೇ ತನ್ನಿ ಅನ್ನುವುದು ಸಂಬಳ ಬರುವವನಿಗೆ ಸುಲಭ. ಆದರೂ ಹೇಳ್ತೇನೆ, ಪಟ್ಟಿಯಲ್ಲಿ ಬೇರೆ ಏನನ್ನಾದರೂ ಹೊಡೆದು ಹಾಕಿ. ಟರ್ಬೋ ಮುಂದಿನ ವರ್ಷಕ್ಕೆ ಇಡಿ. ಪಂಪು ತಿರುಗಿಸಬೇಡಿ. ಅದನ್ನು ತಿರುಗಿಸದೆ ಇರಲಿಕ್ಕೆ ಖರ್ಚೇನೂ ಇಲ್ಲ. ಆ ಕ್ರ್ಯಾಂಕು, ಬೇರಿಂಗು, ಬ್ಲಾಕಿನ ಕೆಲಸ ಮತ್ತು ನವೆಂಬರಿನಿಂದ ಜನವರಿಯವರೆಗೆ ಬೋಟು ಖಾಲಿ ನಿಂತದ್ದು, ಎಲ್ಲ ಕೂಡಿಸಿ ಭಾವ ಒಂದು ಹಳೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ. ನನಗೆ ಒಂದು ಸಲ ತೋರಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ.

"ನಾನು ಹೇಳಿದ್ದಕ್ಕೇ ಆಗಿದ್ದು ಭಾವ" ಅಂತ ಆವತ್ತೇ ಹೇಳಿದ್ದೆ. ಅವರು ಬಲೆಯ ದಾರ ಹಲ್ಲಿನಲ್ಲಿ ಕಚ್ಚಿಕೊಂಡು, "ನೀ ಎಂತ ಮಾಡ್ತೆ ಮಾರಾಯಾ, ನಾ ಕೇಳದ್ದೂ ಗಡಿಬಿಡಿಯಲ್ಲೇ" ಅಂದರು.

ಈ ಸಲ ಎಂಜಿನ್ ಮತ್ತೆ ಬಿಚ್ಚಿದ್ದಾರೆ. ಮೊನ್ನೆ ಸಂಜೆ ಫೋನ್ ಬಂತು. ಪಾರ್ಸೆಲ್ ಬಂದಿದೆಯಂತೆ, ಹೊಸ ಡ್ಯಾಂಪರ್, ಪೆಟ್ಟಿಗೆ ಇನ್ನೂ ಒಡೆದಿಲ್ಲ. ಬೆಕ್ಕು ಕೂಡ ಹತ್ತದ ಹಾಗೆ ಅಕ್ಕ ಅದನ್ನು ಮಂಚದ ಕೆಳಗೆ ಇಟ್ಟಿದ್ದಾಳೆ. "ತಮಾ, ಮೀಟಿಂಗ್ ಇದ್ರೆ ಆಮೇಲೆ ಮಾಡ್ತೆ" ಅಂದರು ಭಾವ. ಇಲ್ಲ ಹೇಳಿ ಅಂದೆ. ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮೇಲಿನ ನಂಬರನ್ನು ಒಂದೊಂದೇ ಅಂಕೆ ಓದಿದರು. ನಾನು ಬರೆದುಕೊಂಡೆ. ಮತ್ತೊಂದು ಸಲ ಓದಿ ಅಂದೆ.